ಗುರುಗ್ರಾಮ–ಬಳ್ಳಾರಿ: ಕಾರು ಸಾಗಿಸಲು ಮೂರು ದಾರಿ ನೋಡಿದೆ, ಮತ್ತೆ ಹಿಡಿಯುವುದು ಒಂದನ್ನೇ

ಬಳ್ಳಾರಿಗೂ ಗುರುಗ್ರಾಮಕ್ಕೂ ನಡುವೆ ಹತ್ತಿರ ಹತ್ತಿರ 1,900 ಕಿಲೋಮೀಟರ್. ನಾಲ್ಕು ವರ್ಷದೊಳಗೆ ನಮ್ಮ ಮನೆಯ ಮೂರು ಕಾರುಗಳು ಈ ದೂರವನ್ನು ಮೂರು ರೀತಿಯಲ್ಲಿ ದಾಟಿವೆ. ಒಂದು ಪ್ಯಾಕರ್ಸ್ ಅಂಡ್ ಮೂವರ್ಸ್‌ನವರ ಕೈಯಲ್ಲಿ ಬಂತು. ಒಂದನ್ನು ಡ್ರೈವರ್ ಓಡಿಸಿಕೊಂಡು ಬಂದರು. ಇನ್ನೊಂದು, ಕಾರು ಸಾಗಿಸುವುದನ್ನೇ ಕಸುಬು ಮಾಡಿಕೊಂಡ ಕಂಪನಿಯ ಮುಚ್ಚಿದ ಕಂಟೇನರ್‌ನಲ್ಲಿ ಹೋಯಿತು. ನನಗೆ ಸರಿ ಅನ್ನಿಸಿದ್ದು ಈ ಕೊನೆಯದು. ಅದರಲ್ಲೂ ಮನೆ ಬಾಗಿಲಿಗೆ ಬನ್ನಿ ಅನ್ನದೆ, ಅವರ ಯಾರ್ಡ್‌ವರೆಗೆ ನಾವೇ ಕಾರು ಒಯ್ದು ಬಿಡುವುದು, ಆ ಕಡೆಯ ಯಾರ್ಡ್‌ನಿಂದ ನಾವೇ ಬಿಡಿಸಿಕೊಳ್ಳುವುದು. ನಮ್ಮ ಕಡೆಯವರು ಯಾರು ಕೇಳಿದರೂ ಇದನ್ನೇ ಹೇಳುತ್ತಿದ್ದೇನೆ. ಯಾಕೆ ಅಂತ ತಿಳಿಯಬೇಕಾದರೆ 2021ರ ಕಥೆ ಕೇಳಬೇಕು.

ಆ ವರ್ಷ ಅಕ್ಟೋಬರ್‌ನಲ್ಲಿ ನನಗೆ ಗುರುಗ್ರಾಮದಿಂದ ಬಳ್ಳಾರಿಗೆ ವರ್ಗ ಆಯಿತು. ಮನೆ ಸಾಮಾನು ಸಾಗಿಸಲು ಬಂದವರೇ ಕಾರನ್ನೂ ಒಪ್ಪಿಕೊಂಡರು. "ಡೋರ್ ಟು ಡೋರ್ ಮೇಡಂ, ಆರು ದಿನ, 21 ಸಾವಿರ" ಅಂದರು. ಒಂದೇ ಕಡೆ ಮಾತಾಡಿ ಮುಗಿಸಿದರೆ ತಲೆನೋವು ಕಮ್ಮಿ ಅಂತ ನಾನೂ ಹ್ಞೂಂ ಅಂದೆ. ಆಮೇಲೆ ಟ್ರಾನ್ಸಿಟ್ ಇನ್ಶೂರೆನ್ಸ್ ಅಂತ 7,500 ಸೇರಿತು. ಇಳಿಸುವಾಗ ಇನ್ನೂ ಒಂದು ಸಾವಿರ ಕೇಳಿದರು. ಒಟ್ಟು 29,500 ಆಯಿತು. ದುಡ್ಡಿಗಿಂತ ಹೆಚ್ಚು ನೋವು ಕೊಟ್ಟಿದ್ದು ಕೊನೆಯ 300 ಕಿಲೋಮೀಟರ್.

ಕಾರು ಒಯ್ದು ಏಳು ದಿನ ಕಳೆದರೂ ಸುದ್ದಿ ಇಲ್ಲ. ಫೋನ್ ಮಾಡಿದಾಗಲೆಲ್ಲ "ಗಾಡಿ ದಾರಿಯಲ್ಲಿದೆ" ಅನ್ನುವ ಒಂದೇ ಮಾತು. ಹನ್ನೊಂದನೇ ದಿನ ಬೆಳಗ್ಗೆ ಹಾಲು ಕಾಯಿಸುತ್ತಾ ನಿಂತಿದ್ದೆ, ಮೊಬೈಲ್‌ಗೆ ಮೆಸೇಜ್ ಬಂತು. ಕರ್ಜೀವನಹಳ್ಳಿ ಟೋಲ್‌ನಲ್ಲಿ ಫಾಸ್ಟ್ಯಾಗ್‌ನಿಂದ ದುಡ್ಡು ಕಟ್ ಆಗಿದೆ ಅಂತ. ಕರ್ಜೀವನಹಳ್ಳಿ ಅಂದರೆ ಶಿರಾ ಹತ್ತಿರ. ದೆಹಲಿ ಕಡೆಯಿಂದ ಬಳ್ಳಾರಿಗೆ ಬರುವ ಗಾಡಿಗೆ ಶಿರಾದಲ್ಲಿ ಏನು ಕೆಲಸ? ನಮ್ಮ ಯಜಮಾನರಿಗೆ ತೋರಿಸಿದೆ. ಅವರು ಒಂದು ಕ್ಷಣ ನೋಡಿ, "ಬೆಂಗಳೂರಲ್ಲಿ ಇಳಿಸಿದ್ದಾರೆ. ಅಲ್ಲಿಂದ ಯಾರೋ ಓಡಿಸಿಕೊಂಡು ಬರ್ತಿದ್ದಾರೆ" ಅಂದರು.

ಹಾಗೇ ಆಗಿತ್ತು. ನಾವು ಮಾತಾಡಿದವರ ಬಳಿ ಕಂಟೇನರ್ ಇರಲೇ ಇಲ್ಲ. ಅವರು ನಮ್ಮ ಕಾರನ್ನು ಇನ್ನೊಬ್ಬರಿಗೆ ಒಪ್ಪಿಸಿದ್ದರು. ಆ ಇನ್ನೊಬ್ಬರ ಕಂಟೇನರ್ ಬೆಂಗಳೂರಿಗೆ ಹೊರಟಿತ್ತು, ಬಳ್ಳಾರಿಗಲ್ಲ. ನೆಲಮಂಗಲದ ಯಾರ್ಡ್‌ನಲ್ಲಿ ಇಳಿಸಿ, ಮೂರ್ನಾಲ್ಕು ದಿನ ಬಿಸಿಲಿಗೆ ನಿಲ್ಲಿಸಿ, ದಿನಗೂಲಿಗೆ ಸಿಕ್ಕ ಡ್ರೈವರ್ ಒಬ್ಬರ ಕೈಗೆ ಕೀ ಕೊಟ್ಟಿದ್ದರು. ಶಿರಾ, ಹಿರಿಯೂರು, ಚಳ್ಳಕೆರೆ ದಾಟಿ ಕಾರು ಮಧ್ಯಾಹ್ನ ಸತ್ಯನಾರಾಯಣ ಪೇಟೆಯ ನಮ್ಮ ಮನೆ ಮುಂದೆ ನಿಂತಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿದ ಕೆಲಸ ಅವನು ಮಾಡಿದ. ಊಟ ಮಾಡಿಸಿ ಕಳಿಸಿದೆವು.

ಗುರುಗ್ರಾಮದಲ್ಲಿ ಕೀ ಕೊಡುವ ಮುಂಚೆ ಮೀಟರ್ ಫೋಟೋ ತೆಗೆದಿದ್ದೆ. 41,286 ಇತ್ತು. ಮನೆಗೆ ಬಂದಾಗ 41,628. ಅಂದರೆ 342 ಕಿಲೋಮೀಟರ್ ಓಡಿದೆ. ನೆಲಮಂಗಲದಿಂದ ನಮ್ಮ ಮನೆಗೆ ಹೆಚ್ಚೆಂದರೆ 290. ಮಿಕ್ಕ 50 ಎಲ್ಲಿ ಓಡಿತು ಅನ್ನುವುದಕ್ಕೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಡ್ರೈವರ್ ಸೀಟು ಹಿಂದಕ್ಕೆ ಮಲಗಿತ್ತು. ಬಾಗಿಲ ಹೊರಗೆ, ಗಾಜಿನ ಕೆಳಗೆ, ಗುಟ್ಕಾ ಉಗುಳಿದ ಕೆಂಪು ಗೆರೆ ಒಣಗಿ ಅಂಟಿಕೊಂಡಿತ್ತು. ಹಿಂದಿನ ಬಂಪರ್‌ನ ಎಡ ಮೂಲೆಯಲ್ಲಿ ಗೇಣುದ್ದದ ಗೀರು. ಕೈ ಆಡಿಸಿ ನೋಡಿದೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಎಂಟು ವರ್ಷ ನಾನೇ ಓಡಿಸಿದ ಕಾರು ಅದು. ಅದಕ್ಕೆ ಆ ಗೀರು ಬಿದ್ದಾಗ ನಾನು ಅಲ್ಲಿರಲಿಲ್ಲ ಅನ್ನುವುದೇ ಬಹಳ ಚುಚ್ಚಿತು.

ಪರಿಹಾರ ಕೇಳಲು ಹೋದಾಗ ಇನ್ನೊಂದು ಗೊತ್ತಾಯಿತು. 7,500 ಕೊಟ್ಟ ಇನ್ಶೂರೆನ್ಸ್‌ಗೆ ಪಾಲಿಸಿ ನಂಬರ್ ಇಲ್ಲ, ಕಾಗದವೂ ಇಲ್ಲ. ಬಿಲ್ಟಿ, ಅಂದರೆ ಸರಕು ಒಪ್ಪಿಕೊಂಡದ್ದಕ್ಕೆ ಸಾಗಿಸುವವರು ಕೊಡುವ ರಸೀದಿ, ನೋಡಿದರೆ ಅದರಲ್ಲಿದ್ದದ್ದು ನಾವು ಕೇಳೇ ಇರದ ಹೆಸರು. ಕಾರಿನ ಬೆಲೆ ಬರೆಯುವ ಜಾಗ ಖಾಲಿ. ಇದು ಸಣ್ಣ ವಿಷಯ ಅಲ್ಲ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ನಾವು ಸರಕಿನ ಬೆಲೆ ಘೋಷಿಸದಿದ್ದರೆ ಸಾಗಿಸುವವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಹಾನಿ ಆಗಿದ್ದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು. ಇಲ್ಲದಿದ್ದರೆ ಕೋರ್ಟಿಗೆ ಹೋಗುವ ದಾರಿಯೂ ಮುಚ್ಚುತ್ತದೆ. ನನಗೆ ಇದು ಗೊತ್ತಾಗುವಷ್ಟರಲ್ಲಿ ದಿನ ಮೀರಿತ್ತು. ಬಂಪರ್‌ಗೆ ನಾನೇ ಬಣ್ಣ ಹೊಡೆಸಿದೆ.

ಇನ್ನೊಂದು ವಿಷಯವನ್ನು ಯಾವ ಏಜೆಂಟೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಕಾರಿಗೆ ಥರ್ಡ್ ಪಾರ್ಟಿ (ಬೇರೆಯವರಿಗೆ ಆದ ಹಾನಿಯದ್ದು) ಮಾತ್ರ ಅಲ್ಲದೆ ಪೂರ್ತಿ ಪ್ಯಾಕೇಜ್ ಪಾಲಿಸಿ ಇದ್ದರೆ, ರಸ್ತೆ ಅಥವಾ ರೈಲಿನಲ್ಲಿ ಸಾಗಿಸುವಾಗ ಆಗುವ ಹಾನಿಯೂ ಅದರಲ್ಲೇ ಸೇರಿರುತ್ತದೆ. ಪಾಲಿಸಿ ಪುಸ್ತಕದ ಮೊದಲ ಪುಟಗಳಲ್ಲೇ ಬೆಂಕಿ, ಕಳ್ಳತನ, ಪ್ರವಾಹದ ಜೊತೆ ಅದನ್ನೂ ಬರೆದಿದ್ದಾರೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ, ಹೋಗುತ್ತದೆ ನಿಜ. ಆದರೆ ಬೇರೆ ಇನ್ಶೂರೆನ್ಸ್‌ಗೆ ದುಡ್ಡು ಕೊಡುವ ಮುಂಚೆ ಆ ಪುಟ ಒಂದ್ಸಲ ಓದಿ.

ಎರಡನೇ ಸಲದ್ದು ಮೈದುನನ ಕಾರು. ನೋಯ್ಡಾದಲ್ಲಿದ್ದ ಡೀಸೆಲ್ ಗಾಡಿ. 2012ರದ್ದು, 2022ಕ್ಕೆ ಹತ್ತು ವರ್ಷ ತುಂಬುತ್ತಿತ್ತು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಆದೇಶ ಇತ್ತಲ್ಲ, ಅದಕ್ಕೇ ಅವಧಿ ಮುಗಿಯುವ ಮುಂಚೆ ಎನ್‌ಒಸಿ (ಬೇರೆ ರಾಜ್ಯಕ್ಕೆ ಒಯ್ಯಲು ಆಕ್ಷೇಪಣೆ ಇಲ್ಲ ಅಂತ ಆರ್‌ಟಿಒ ಕೊಡುವ ಪತ್ರ) ತೆಗೆಸಿ ಇಲ್ಲಿಗೆ ತರಿಸಿದೆವು. ನಮ್ಮ ಕಾರಿಗೆ ಆದದ್ದು ನೋಡಿ ಮೈದುನ ಕಂಟೇನರ್ ಬೇಡವೇ ಬೇಡ ಅಂದ. ಪರಿಚಯದ ಡ್ರೈವರ್ ಒಬ್ಬರು ಬಳ್ಳಾರಿಯಿಂದ ರೈಲಿನಲ್ಲಿ ಹೋಗಿ, 44ನೇ ನಂಬರ್ ಹೆದ್ದಾರಿ ಹಿಡಿದು ಗ್ವಾಲಿಯರ್, ಝಾನ್ಸಿ, ನಾಗಪುರ, ಹೈದರಾಬಾದ್ ಮೇಲೆ ನಾಲ್ಕು ದಿನದಲ್ಲಿ ತಂದರು.

ಅವರ ಬಗ್ಗೆ ಒಂದು ಮಾತೂ ದೂರುವಂತಿಲ್ಲ. ರಾತ್ರಿ ಓಡಿಸಬೇಡಿ ಅಣ್ಣಾ ಅಂತ ಕೇಳಿಕೊಂಡಿದ್ದೆ. ಒಪ್ಪಿದ್ದರು, ಹಾಗೇ ನಡೆದುಕೊಂಡರು. ಡೀಸೆಲ್, ಟೋಲ್, ಬಾಟಾ, ಲಾಡ್ಜ್, ರೈಲು ಟಿಕೆಟ್ ಎಲ್ಲ ಸೇರಿ 24 ಸಾವಿರದ ಹತ್ತಿರ. ಆದರೆ ಆ ನಾಲ್ಕು ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಸಂಜೆ ಆರಕ್ಕೆ ಅವರ ಫೋನ್ ಬರಲಿಲ್ಲ ಅಂದರೆ ಅವರ ಹೆಂಡತಿ ನಮಗೆ ಫೋನ್ ಮಾಡುತ್ತಿದ್ದರು. ಸಾಗರ್ ಹತ್ತಿರ ಲಾರಿಯಿಂದ ಸಿಡಿದ ಕಲ್ಲು ಬಿದ್ದು ಮುಂದಿನ ಗಾಜು ಬಿರುಕು ಬಿಟ್ಟಿತು. ಹತ್ತು ವರ್ಷದ ಗಾಡಿಗೆ 1,900 ಕಿಲೋಮೀಟರ್ ಒಂದೇ ಉಸಿರಿಗೆ ಓಟ. ಬಂದಮೇಲೆ ಎರಡು ಟೈರ್ ಬದಲಿಸಿದೆವು. ನಂಬಿಕೆಯ ಮನುಷ್ಯ ಸಿಕ್ಕರೆ ಇದು ಕೆಟ್ಟ ದಾರಿ ಅಲ್ಲ. ಒಬ್ಬರ ಜೀವವನ್ನು ಅಷ್ಟು ದೂರ ರಸ್ತೆಗೆ ಬಿಡುವುದು ಮಾತ್ರ ನನ್ನ ಮನಸ್ಸಿಗೆ ಒಗ್ಗಲಿಲ್ಲ.

ರೈಲಿನ ಬಗ್ಗೆಯೂ ಕೇಳುತ್ತಾರೆ. ಮಗಳ ಸ್ಕೂಟಿಯನ್ನು ಒಮ್ಮೆ ರೈಲ್ವೆ ಪಾರ್ಸೆಲ್‌ನಲ್ಲಿ ಕಳಿಸಿದ್ದೆವು, ಚೆನ್ನಾಗಿಯೇ ತಲುಪಿತು. ಕಾರಿಗೆ ಆ ದಾರಿ ನಮಗೆ ಸಿಗಲಿಲ್ಲ.

2024ರ ಫೆಬ್ರವರಿಯಲ್ಲಿ ಮಗಳಿಗೆ ಗುರುಗ್ರಾಮದಲ್ಲೇ ಕೆಲಸ ಸಿಕ್ಕಿತು. ಅವಳ ಕೆಎ 34 ನಂಬರ್‌ನ ವ್ಯಾಗನ್ ಆರ್ ಹೋಗಬೇಕಿತ್ತು. ಈ ಸಲ ಏಜೆಂಟರ ಕಡೆ ಹೋಗಲೇ ಇಲ್ಲ. ಸ್ವಂತ ಕಂಟೇನರ್ ಇಟ್ಟುಕೊಂಡ ಮೂರು ಕಂಪನಿಗಳಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ನಿಮ್ಮ ಕಂಟೇನರ್ ಬಳ್ಳಾರಿಗೆ ಬರುತ್ತಾ, ಇಲ್ಲ ಡ್ರೈವರ್ ಬಂದು ಕಾರು ಓಡಿಸಿಕೊಂಡು ಹೋಗ್ತಾರಾ?" ಮೂವರೂ ಡ್ರೈವರ್ ಬರ್ತಾರೆ ಅಂದರು. ಅವರು ಹೇಳುವುದೂ ಸರಿಯೇ. ಆರೇಳು ಕಾರು ಹೊರುವ, ಐವತ್ತು ಅಡಿ ಮೀರಿದ ಗಾಡಿಯನ್ನು ಒಂದು ಕಾರಿಗೋಸ್ಕರ ಯಾರು ತರುತ್ತಾರೆ? ತಂದರೂ ಸುಧಾ ಕ್ರಾಸ್ ದಾಟಿ ನಮ್ಮ ಓಣಿಗೆ ತಿರುಗಿಸಲು ಆಗುತ್ತಾ? ಹಾಗಾದರೆ ಹೈದರಾಬಾದ್ ಪಕ್ಕದ ಯಾರ್ಡ್‌ವರೆಗಿನ 350 ಕಿಲೋಮೀಟರ್ ಯಾರೋ ಓಡಿಸುವ ಬದಲು ನಾನೇ ಓಡಿಸುತ್ತೇನೆ ಅಂತ ನಿರ್ಧಾರ ಮಾಡಿದೆ. ಯಾರ್ಡ್‌ನಿಂದ ಯಾರ್ಡ್‌ಗೆ ಅಂದ ಕೂಡಲೇ ರೇಟೂ ಇಳಿಯಿತು. ತೆರಿಗೆ ಸೇರಿ 16,500.

ಶನಿವಾರ ಬೆಳಗ್ಗೆ ಐದಕ್ಕೆ ಬಿಟ್ಟೆವು. ಹಗರಿ, ಆಲೂರು, ಆದೋನಿ ದಾಟಿ ಮಂತ್ರಾಲಯದಲ್ಲಿ ರಾಯರ ದರ್ಶನ. ರಾಯಚೂರಿನಲ್ಲಿ ತಿಂಡಿ. ಮಹಬೂಬನಗರ, ಜಡ್ಚರ್ಲಾ ಮೇಲೆ ಮಧ್ಯಾಹ್ನ ಮೂರಕ್ಕೆ ಶಂಶಾಬಾದ್ ಕಡೆಯ ಯಾರ್ಡ್. ಹೈದರಾಬಾದ್ ಊರೊಳಗೆ ಹೋಗುವ ಗೋಜೇ ಇಲ್ಲ. ನಮ್ಮ ಜಿಲ್ಲೆಗಳವರಿಗೆ ಬೆಂಗಳೂರಿನ ಯಾರ್ಡ್‌ಗಿಂತ ಇದೇ ಅನುಕೂಲ. ಅದರಲ್ಲೂ ರಾಯಚೂರಿನವರಿಗೆ ಇನ್ನೂ ಹತ್ತಿರ.

ಡಿಕ್ಕಿಯಲ್ಲಿ ಮಗಳಿಗೆ ಅಂತ ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿಪುಡಿ ಇಟ್ಟಿದ್ದೆ. ಯಾರ್ಡ್‌ನ ಸೂಪರ್‌ವೈಸರ್ ತೆಗೆಸಿಬಿಟ್ಟರು. "ಒಳಗೆ ಸಾಮಾನು ಇದ್ದರೆ ಲೋಡ್ ಮಾಡೋಲ್ಲ ಅಮ್ಮಾ" ಅಂತ ತೆಲುಗಿನಲ್ಲಿ ಹೇಳಿದರು. ಬಳ್ಳಾರಿಯವರಿಗೆ ತೆಲುಗು ಹೊಸದಲ್ಲವಲ್ಲ, ಮಾತು ಸಲೀಸಾಯಿತು. ರೊಟ್ಟಿ ಕೊರಿಯರ್‌ನಲ್ಲಿ ಹೋಯಿತು. ಆಗ ಸ್ವಲ್ಪ ಬೇಜಾರಾದರೂ, ಇಷ್ಟು ಕಟ್ಟುನಿಟ್ಟಾಗಿ ಇರುವವರೇ ಬೇಕು ಅನ್ನಿಸಿತು. ಮೊದಲ ಸಲದವರು "ಎಷ್ಟಾದರೂ ತುಂಬಿ ಮೇಡಂ" ಅಂದಿದ್ದರು.

ಕಾರಿನ ಸುತ್ತ ನಡೆದು, ಇದ್ದ ಎರಡು ಹಳೆ ಗೀರುಗಳನ್ನು ಅವರೇ ಕಾಗದದಲ್ಲಿ ಗುರುತು ಹಾಕಿದರು. ಸ್ಟೆಪ್ನಿ, ಜಾಕ್, ಮ್ಯಾಟ್ ಎಣಿಸಿ ಬರೆದರು. ಪೆಟ್ರೋಲ್ ಕಾಲು ಟ್ಯಾಂಕ್‌ಗಿಂತ ಕಮ್ಮಿ ಇರಲಿ ಅಂತ ಮೊದಲೇ ಹೇಳಿದ್ದರು. ಬಿಲ್ಟಿಯಲ್ಲಿ ಕಾರಿನ ಬೆಲೆ ಬರೆಸಿದ ಮೇಲೇ ಸಹಿ ಹಾಕಿದೆ. ಫಾಸ್ಟ್ಯಾಗ್ ಮೇಲೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ ಅಂಟಿಸಿದೆ. ಮುಚ್ಚಿದ ಕಂಟೇನರ್‌ಗೆ ಅದು ಬೇಕಿರಲಿಲ್ಲವೇನೋ. ತೆರೆದ ಟ್ರೇಲರ್ ಆದರೆ ಖಂಡಿತ ಬೇಕು, ಇಲ್ಲದಿದ್ದರೆ ಮೇಲೆ ಕೂತ ಕಾರಿಗೂ ಟೋಲ್ ಕಟ್ ಆಗುತ್ತದೆ.

ಆಮೇಲೆ ಅವರ ಡ್ರೈವರ್ ಕನ್ನಡಿ ಎರಡೂ ಮಡಚಿ, ಮೊದಲ ಗೇರ್‌ನಲ್ಲಿ ನಿಧಾನವಾಗಿ ಹಲಗೆ ಹತ್ತಿಸಿದರು. ಹಿಂದಿನ ಚಕ್ರ ಒಳಗೆ ಹೋಗುವಾಗ ತಗಡು ಟಕ್ ಅಂತ ಸದ್ದು ಮಾಡಿತು, ನನ್ನ ಎದೆಯೂ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲೇ ಬಿಟ್ಟು, ನಾಲ್ಕೂ ಚಕ್ರಕ್ಕೆ ಬೆಲ್ಟ್ ಬಿಗಿದರು. ಬೆಲ್ಟ್ ಟೈರಿನ ಮೇಲೆ ಮಾತ್ರ, ಕಾರಿನ ಮೈಗೆ ಎಲ್ಲೂ ತಾಗಿರಲಿಲ್ಲ. ಅದನ್ನು ಕಣ್ಣಾರೆ ನೋಡಿದ ಮೇಲೇ ಅಲ್ಲಿಂದ ಹೊರಟದ್ದು.

ಆರು ದಿನ ಅಂದವರು ಎಂಟು ದಿನ ತಗೊಂಡರು. ಮಗಳು ಭಾನುವಾರ ಮಾನೇಸರ್ ಕಡೆಯ ಯಾರ್ಡ್‌ಗೆ ಹೋಗಿ ಬಿಡಿಸಿಕೊಂಡಳು. ಮೀಟರ್ ಫೋಟೋ ಕಳಿಸಿದಳು. ನಾನು ಶಂಶಾಬಾದ್‌ನಲ್ಲಿ ತೆಗೆದ ಫೋಟೋಗೂ ಅದಕ್ಕೂ 2 ಕಿಲೋಮೀಟರ್ ವ್ಯತ್ಯಾಸ. ಯಾರ್ಡ್ ಒಳಗೆ ಆಚೀಚೆ ಮಾಡಿದ್ದು ಅಷ್ಟೇ. ದೂಳು ಬಿಟ್ಟರೆ ಹೊಸ ಗೀರು ಒಂದೂ ಇಲ್ಲ.

ನಮ್ಮ ಪೆಟ್ರೋಲ್, ವಾಪಸ್ ಬಸ್ಸು, ಮಗಳ ಟ್ಯಾಕ್ಸಿ ಎಲ್ಲ ಸೇರಿಸಿದರೂ 21 ಸಾವಿರದ ಒಳಗೆ ಮುಗಿಯಿತು. ಇದು ನನಗೆ ಹೊಂದಿತು ಅಂದರೆ ಅದಕ್ಕೆ ಕಾರಣ ಇದೆ. ಕಾರು ಓಡಿಸುವುದು ನನಗೆ ಇಷ್ಟ, ಶನಿವಾರ ಭಾನುವಾರ ರಜೆ, ರಾತ್ರಿ ಉಳಿಯಲು ಹೈದರಾಬಾದ್‌ನಲ್ಲಿ ತಂಗಿ ಮನೆ ಇದೆ. ವಯಸ್ಸಾದವರು ಅಥವಾ ರಜೆ ಸಿಗದವರು ಯಾರ್ಡ್‌ವರೆಗೆ ಮಾತ್ರ ಪರಿಚಯದ ಡ್ರೈವರ್ ಕರೆದುಕೊಂಡು ಹೋಗಬಹುದು. ಒಂದೇ ದಿನದ ಕೆಲಸ. ನಾಳೆಯೇ ಕಾರು ಬೇಕು ಅನ್ನುವವರಿಗೆ ಕಂಟೇನರ್ ಆಗದು, ಅವರು ಡ್ರೈವರ್ ನೋಡುವುದೇ ಸರಿ.

ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು. ಮಗಳದ್ದು ಹನ್ನೊಂದು ತಿಂಗಳ ಕೆಲಸ ಅಂತ ನಾವು ಆ ಕಡೆ ಹೋಗಲಿಲ್ಲ. ಅವಧಿ ಮುಗಿದಾಗ ಅದೇ ಕಂಪನಿಯಲ್ಲೇ ವಾಪಸ್ ಬುಕ್ ಮಾಡಿದೆವು, ಶಂಶಾಬಾದ್‌ವರೆಗೆ. ಅಲ್ಲಿಂದ ನಾನೇ ಓಡಿಸಿಕೊಂಡು ಬಂದೆ. ಬರುವಾಗಲೂ ಮಂತ್ರಾಲಯದಲ್ಲಿ ನಿಲ್ಲಿಸಿದೆವು, ಆ ಸಲ ಮಗಳೂ ಜೊತೆಯಲ್ಲಿದ್ದಳು.