ಕಥಾ ಕಮ್ಮಟ: ಕೆಂಪು ಪೆನ್ನು ಬೇರೆ, ಪೆನ್ಸಿಲ್ ಬೇರೆ

ಧಾರವಾಡದಲ್ಲಿ ಭಾನುವಾರ ನಡೆಯುವ ಈ ಸಣ್ಣ ಕಥಾ ಕಮ್ಮಟ ನನಗೆ ತುಂಬಾ ಹಿಡಿಸಿತು. ನಿಮ್ಮ ಕಥೆಯ ಪ್ರತಿ ಎಲ್ಲರ ಕೈಗೂ ಹೋಗುತ್ತದೆ. ವ್ಯಾಕರಣದ ತಪ್ಪಿಗೆ ಕೆಂಪು ಪೆನ್ನು, ಶೈಲಿಯ ಮಾತಿಗೆ ಪೆನ್ಸಿಲ್. ಈ ಒಂದು ನಿಯಮಕ್ಕೇ ಪೂರ್ತಿ ಅಂಕ ಕೊಡಬಹುದು. ‘ಮಕ್ಕಳು ಬಂದಿತು’ ಅಂದರೆ ತಪ್ಪೇ, ವಾದ ಬೇಡ. ಆದರೆ ವಾಕ್ಯ ಉದ್ದವಾಯಿತು ಅನ್ನುವುದು ಓದಿದವರ ಅಭಿಪ್ರಾಯ, ಅಲ್ವಾ? ಬರೆದವರು ಒಪ್ಪಬಹುದು, ಬಿಡಬಹುದು.

ನನ್ನ ಕಥೆಯ ಅಜ್ಜಿ ‘ನಾ ಬರಂಗಿಲ್ಲ’ ಅನ್ನುತ್ತಾಳೆ. ಬೆಂಗಳೂರಿನಿಂದ ಬಂದವರೊಬ್ಬರು ಅದನ್ನು ‘ನಾನು ಬರುವುದಿಲ್ಲ’ ಎಂದು ತಿದ್ದಿದ್ದರು, ಅದೂ ಕೆಂಪಿನಲ್ಲಿ. ನನಗೆ ಸಿಟ್ಟು ಬಂತು. ನಡೆಸುವ ಸರ್ ಎರಡನ್ನೂ ಜೋರಾಗಿ ಓದಿಸಿದರು. ಕೇಳಿದ ಮೇಲೆ ತಿದ್ದಿದವರೇ ತಮ್ಮ ಗುರುತನ್ನು ಹೊಡೆದು ಹಾಕಿದರು. ಪಾತ್ರದ ಮಾತಿಗೆ ಅದರ ಊರಿನ ವ್ಯಾಕರಣ ಇರುತ್ತದೆ.

ಹಾಗೆ ತಿದ್ದಿದವರ ಕಿವಿ ಚುರುಕು ಅನ್ನುವುದೂ ನಿಜ. ಇನ್ನೊಂದು ಕಥೆಯ ‘ಬಾಗಿಲು ಅವಳಿಂದ ತೆರೆಯಲ್ಪಟ್ಟಿತು’ ಅನ್ನುವುದನ್ನು ‘ಅವಳು ಬಾಗಿಲು ತೆರೆದಳು’ ಮಾಡಿದ್ದು ಅವರೇ. ಸಾಲಿಗೆ ಜೀವ ಬಂತು.

ಜನ ಜಾಸ್ತಿಯಾದರೆ ಕೊನೆಯ ಕಥೆಗಳಿಗೆ ಸಮಯ ಸಿಗುವುದಿಲ್ಲ. ಇದನ್ನು ಸರಿಮಾಡಲೇಬೇಕು. ಹೋಗುವವರು ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆಸಿಕೊಂಡು ಹೋಗಿ.