ಬೇಸ್‌ಬಾಲ್ ಕಾಮೆಂಟರಿಯಲ್ಲಿ ನಗು ಎಷ್ಟಿರಬೇಕು: ಬೂತ್‌ನಿಂದ ಬೂತ್‌ಗೆ ಒಂದು ಹೋಲಿಕೆ

ಮೊದಲು ಗಡಿಯಾರ ನೋಡೋಣ. ಅಮೆರಿಕದ ಮೇಜರ್ ಲೀಗ್‌ನಲ್ಲಿ 2023ರಿಂದ ಪಿಚ್ ಕ್ಲಾಕ್ ಇದೆ, ಅಂದರೆ ಎಸೆತಕ್ಕೆ ಸಮಯದ ಮಿತಿ. ಬೇಸ್‌ಗಳಲ್ಲಿ ಓಡಲು ನಿಂತ ರನ್ನರ್ ಇಲ್ಲದಿದ್ದರೆ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ, 15 ಸೆಕೆಂಡ್. ರನ್ನರ್ ಇದ್ದರೆ ಮೊದಲ ವರ್ಷ 20 ಇತ್ತು, 2024ರಿಂದ 18. ಗಡಿಯಾರದಲ್ಲಿ 8 ಸೆಕೆಂಡ್ ಉಳಿದಿರುವಾಗಲೇ ಬ್ಯಾಟರ್ ಸಜ್ಜಾಗಿ ನಿಂತಿರಬೇಕು. ಹಾಗಾಗಿ ಕಾಮೆಂಟೇಟರ್‌ಗೆ ಸಿಗುವ ಬಿಡುವು ಏಳರಿಂದ ಹತ್ತು ಸೆಕೆಂಡ್ ಮಾತ್ರ. ಹಿಂದಿನ ಎಸೆತ ಏನಾಯಿತು, ಕೌಂಟ್ (ಬ್ಯಾಟರ್‌ನ ಬಾಲ್-ಸ್ಟ್ರೈಕ್‌ಗಳ ಲೆಕ್ಕ) ಎಷ್ಟು ಎನ್ನುವುದನ್ನೂ ಅಷ್ಟರಲ್ಲೇ ಹೇಳಬೇಕು. ಅದು ಮುಗಿದ ಮೇಲೆ ಚಟಾಕಿಗೆ ಉಳಿಯುವುದು ಒಂದೆರಡು ಸಣ್ಣ ವಾಕ್ಯ. 2021ರಲ್ಲಿ ಒಂಬತ್ತು ಇನ್ನಿಂಗ್ಸ್‌ನ ಪಂದ್ಯಕ್ಕೆ ಸರಾಸರಿ 3 ಗಂಟೆ 10 ನಿಮಿಷ ಬೇಕಾಗುತ್ತಿತ್ತು, 2023ರಲ್ಲಿ ಸುಮಾರು 2 ಗಂಟೆ 40 ನಿಮಿಷ ಸಾಕಾಯಿತು. ಆಟದಲ್ಲಿ ಏನೂ ಕಡಿಮೆಯಾಗಲಿಲ್ಲ. ಹೋದದ್ದು ಹರಟೆಯ ಜಾಗ. ಆದ್ದರಿಂದ ಹಾಸ್ಯ ಎಷ್ಟು ಎಂದು ಅಳೆಯುವುದಕ್ಕಿಂತ ಅದು ಎಲ್ಲಿ ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ ಎಂದು ನೋಡುವುದೇ ಸರಿ.

ಹೋಲಿಸುವ ಕ್ರಮ ಸುಲಭ. ಮೇಜರ್ ಲೀಗ್‌ನ ಸ್ಟ್ರೀಮಿಂಗ್ ಸೇವೆಯಾದ ಎಂಎಲ್‌ಬಿ ಟಿವಿಯ ಚಂದಾ ಇದ್ದರೆ ಒಂದೇ ಪಂದ್ಯವನ್ನು ಆತಿಥೇಯ ತಂಡದ ಫೀಡ್‌ನಲ್ಲೂ (ಆ ತಂಡದ ಕಾಮೆಂಟರಿಯಿರುವ ಪ್ರಸಾರ) ಪ್ರವಾಸಿ ತಂಡದ ಫೀಡ್‌ನಲ್ಲೂ ನೋಡಬಹುದು. ಕಾಮೆಂಟರಿ ತೆಗೆದು ಮೈದಾನದ ಸದ್ದನ್ನಷ್ಟೇ ಕೇಳುವ ಆಯ್ಕೆಯೂ ಇರುತ್ತದೆ. ಇನ್ನಿಂಗ್ಸ್‌ನ ಅರ್ಧ ಭಾಗವನ್ನು ಮೊದಲು ಮೈದಾನದ ಸದ್ದಿನಲ್ಲಿ ನೋಡಿ, ಆಮೇಲೆ ಅದನ್ನೇ ಎರಡು ಫೀಡ್‌ಗಳಲ್ಲಿ ನೋಡಬೇಕು. ಯಾವ ನಗು ಚೆಂಡಿನ ದಾರಿಗೆ ಅಡ್ಡ ಬಂತು ಎನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ. ಹಳೆಯ ಬೂತ್‌ಗಳಿಗೆ, ಅಂದರೆ ಕಾಮೆಂಟರಿ ಬಳಗಗಳಿಗೆ, ಯೂಟ್ಯೂಬ್‌ನ ಪೂರ್ಣ ಪಂದ್ಯಗಳೇ ಗತಿ. ಆಯ್ದ ತುಣುಕುಗಳನ್ನು ನಂಬಬೇಡಿ, ಅವುಗಳಲ್ಲಿ ಎಲ್ಲರೂ ಹಾಸ್ಯಗಾರರೇ.

ಒಬ್ಬರೇ ಕೂತ ಬೂತ್: ವಿನ್ ಸ್ಕಲ್ಲಿ

1950ರಿಂದ 2016ರವರೆಗೆ 67 ಸೀಸನ್ ಡಾಡ್ಜರ್ಸ್ ತಂಡಕ್ಕೆ ದನಿಯಾದ ಸ್ಕಲ್ಲಿ, ತಂಡದ ಪ್ರಸಾರದಲ್ಲಿ ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುತ್ತಿರಲಿಲ್ಲ. ಜೊತೆಗಾರ ಇಲ್ಲದಿದ್ದರೆ ಹಾಸ್ಯಕ್ಕೆ ಬೂತ್ ಒಳಗೆ ನಗುವವರೂ ಇಲ್ಲ, ಹೇಳಿದ್ದೆಲ್ಲ ನೇರ ವೀಕ್ಷಕನಿಗೇ. ಸ್ಕಲ್ಲಿ ಕಥೆಯನ್ನು ತುಂಡು ಮಾಡಿ ಎಸೆತಗಳ ನಡುವೆ ಪೋಣಿಸುತ್ತಿದ್ದರು. ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಹಾವು ಕೊಂದು ಅದರ ಹೊಟ್ಟೆಯಿಂದ ಮೊಲದ ಮರಿ ಉಳಿಸಿದ ಕಥೆಯಲ್ಲಿ ಹಾವು ಅರ್ಧಕ್ಕೆ ನಿಲ್ಲುತ್ತದೆ, ಬಾಲ್ ಎಂದೋ ಸ್ಟ್ರೈಕ್ ಎಂದೋ ಹೇಳಿಯಾಗುತ್ತದೆ, ಹಾವು ಮತ್ತೆ ಮುಂದುವರಿಯುತ್ತದೆ. ಅಂಪೈರ್ ಜೊತೆ ಜಗಳಕ್ಕೆ ನಿಂತ ಮ್ಯಾನೇಜರ್‌ನ ತುಟಿ ಓದಿ, ಅವನ ಬೈಗುಳವನ್ನು ‘ಗೊಬ್ಬರ’ ಎಂದು ಸಭ್ಯಗೊಳಿಸಿ ಒಪ್ಪಿಸಿದ್ದೂ ಉಂಟು. ಅಲ್ಲಿ ನಗಿಸಿದ್ದು ಆ ಪದಕ್ಕಿಂತ ಹೆಚ್ಚಾಗಿ ಪೂಜೆ ಮಾಡಿಸುವವರಂತೆ ತಣ್ಣಗಿದ್ದ ದನಿ.

ಇದೇ ವ್ಯಕ್ತಿ 1988ರ ಅಕ್ಟೋಬರ್ 15ರಂದು, ಎರಡೂ ಕಾಲು ನೋಯುತ್ತಿದ್ದ ಡಾಡ್ಜರ್ಸ್‌ನ ಕರ್ಕ್ ಗಿಬ್ಸನ್ ವರ್ಲ್ಡ್ ಸೀರೀಸ್ ಫೈನಲ್ ಸರಣಿಯ ಮೊದಲ ಪಂದ್ಯವನ್ನು ಹೋಮ್ ರನ್‌ನಿಂದ (ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತ) ಗೆಲ್ಲಿಸಿದಾಗ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬಾಯಿ ಬಿಡಲಿಲ್ಲ. ಹಾಸ್ಯದ ಹದ ಬಲ್ಲವರಿಗೇ ಇಂಥ ಮೌನ ಸಾಧ್ಯ.

ತೊಂದರೆ ಏನೆಂದರೆ, ಈ ಮಾದರಿಯನ್ನು ಇನ್ನೊಬ್ಬರು ಎತ್ತಿಕೊಳ್ಳಲಾಗದು. ಹಾವಿನ ಕಥೆಗೆ ಎಸೆತಗಳ ನಡುವೆ ಉದ್ದದ ಬಿಡುವು ಬೇಕು, ಪಿಚ್ ಕ್ಲಾಕ್ ಅದನ್ನು ಕೊಡುವುದಿಲ್ಲ. ಇಂದು ಆ ಕಥೆ ಶುರು ಮಾಡಿದರೆ ಮೊಲ ಹೊರಬರುವ ಮೊದಲೇ ಇನ್ನಿಂಗ್ಸ್ ಮುಗಿದು ಜಾಹೀರಾತು ಬಂದಿರುತ್ತದೆ.

ಮೂವರ ಬೂತ್: ನ್ಯೂಯಾರ್ಕ್ ಮೆಟ್ಸ್

2006ರಿಂದ ಎಸ್‌ಎನ್‌ವೈ ವಾಹಿನಿಯಲ್ಲಿ ಗ್ಯಾರಿ ಕೋಹೆನ್, ಕೀತ್ ಹರ್ನಾಂಡೆಜ್, ರಾನ್ ಡಾರ್ಲಿಂಗ್. ದಿನನಿತ್ಯ ನೋಡುವುದಕ್ಕೆ ನಮ್ಮ ಮೊದಲ ಆಯ್ಕೆ ಇದೇ, ಕಾರಣ ಕೆಲಸ ಹಂಚಿಕೊಂಡ ರೀತಿ. ಕೋಹೆನ್ ಎಂದೂ ಹಾಸ್ಯದಿಂದ ಶುರು ಮಾಡುವುದಿಲ್ಲ. ಚೆಂಡು ಅವರ ಹೊಣೆ, ನಗು ಮಿಕ್ಕಿಬ್ಬರದು. ಪಿಚರ್ ಕೈ ಮೇಲೇಳುತ್ತಿದ್ದಂತೆ ಕೋಹೆನ್ ದನಿ ಒಳಗೆ ಬರುತ್ತದೆ, ಇಬ್ಬರೂ ತುಟಿ ಮುಚ್ಚುತ್ತಾರೆ. ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು 11 ಸಲ ಗೆದ್ದ ಫಸ್ಟ್ ಬೇಸ್‌ಮನ್ ಹರ್ನಾಂಡೆಜ್ ಕೆಟ್ಟ ಫೀಲ್ಡಿಂಗ್ ಕಂಡಾಗ ಬಿಡುವ ನಿಟ್ಟುಸಿರೇ ಅರ್ಧ ಹಾಸ್ಯ. ಆ ನಿಟ್ಟುಸಿರಿನ ಹಿಂದೆ ಪಾಠವೂ ಇದೆ: ಪಾದ ಎಲ್ಲಿರಬೇಕಿತ್ತು, ಕಟ್‌ಆಫ್‌ಗೆ (ದೂರದಿಂದ ಬರುವ ಚೆಂಡನ್ನು ನಡುವೆ ಹಿಡಿಯಲು) ಯಾರು ನಿಲ್ಲಬೇಕಿತ್ತು ಎಂದು ಮುಂದಿನ ಎಸೆತದೊಳಗೆ ಹೇಳಿ ಮುಗಿಸುತ್ತಾರೆ. ಡಾರ್ಲಿಂಗ್ ಪಿಚರ್ ಆಗಿದ್ದವರು, ಒಣ ಹಾಸ್ಯ. ಮಾಜಿ ಆಟಗಾರರಿಬ್ಬರೂ 1986ರ ಚಾಂಪಿಯನ್ ತಂಡದವರೇ ಆದ್ದರಿಂದ ಒಬ್ಬರನ್ನೊಬ್ಬರು ಕಿಚಾಯಿಸುವಾಗ ನೋಡುವವರಿಗೆ ಸಂಕೋಚವಾಗುವುದಿಲ್ಲ.

ಈ ಬೂತೂ ಎಡವಿದೆ. 2006ರ ಏಪ್ರಿಲ್‌ನಲ್ಲಿ ಸ್ಯಾನ್ ಡಿಯೇಗೊ ತಂಡದ ಡಗೌಟ್‌ನಲ್ಲಿ ಮಹಿಳಾ ಸಿಬ್ಬಂದಿಯೊಬ್ಬರನ್ನು ಕಂಡು ಹರ್ನಾಂಡೆಜ್, ಹೆಂಗಸರಿಗೆ ಅಲ್ಲಿ ಜಾಗವಿಲ್ಲ ಎಂದು ನಗುನಗುತ್ತ ಹೇಳಿ, ಕೊನೆಗೆ ಕ್ಷಮೆ ಕೇಳಬೇಕಾಯಿತು. ಎದುರುತ್ತರ ಕೊಡಲು ಮೈಕ್ ಇಲ್ಲದವರನ್ನು ಗೇಲಿ ಮಾಡಿದ್ದೇ ಅಲ್ಲಿನ ತಪ್ಪು. ತಮ್ಮನ್ನೇ, ಇಲ್ಲವೇ ಪಕ್ಕದ ಕುರ್ಚಿಯವರನ್ನು ಆಡಿಕೊಂಡಾಗ ಇದೇ ಬೂತ್ ಇಂಥ ಪೇಚಿಗೆ ಸಿಕ್ಕಿಲ್ಲ.

ಜೋಡಿ ಬೂತ್: ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಕ್ರುಕ್ ಮತ್ತು ಕೈಪ್

ಪಿಚ್ ಕ್ಲಾಕ್ ಬಂದ ಮೇಲೂ ಏನೂ ಕಳೆದುಕೊಳ್ಳದ ಹಾಸ್ಯ ಇವರದು, ಅಷ್ಟು ಚಿಕ್ಕದು. ಎದುರಾಳಿ ಬ್ಯಾಟರ್ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆದೊಡನೆ ‘ಕ್ರುಕ್’ ಎಂಬ ಮೈಕ್ ಕ್ರೂಕೋ ‘ಗ್ರ್ಯಾಬ್ ಸಮ್ ಪೈನ್, ಮೀಟ್’ ಎನ್ನುತ್ತಾರೆ. ಹೋಗಿ ಬೆಂಚಿನ ಮೇಲೆ ಕೂತ್ಕೊಳಪ್ಪಾ ಎಂಬ ಧಾಟಿ. ಎರಡು ಸೆಕೆಂಡ್‌ನಲ್ಲಿ ಮುಗಿಯುತ್ತದೆ. ಒಬ್ಬ ಬ್ಯಾಟರ್ ಹೋಗಿ ಇನ್ನೊಬ್ಬ ಬರುವುದಕ್ಕೆ 30 ಸೆಕೆಂಡ್ ಇರುವುದರಿಂದ ಅದು ಯಾವ ಎಸೆತವನ್ನೂ ಮುಚ್ಚುವುದಿಲ್ಲ. ಪುನರಾವರ್ತನೆಯೊಂದೇ ಅಪಾಯ. ಸೀಸನ್‌ಗೆ 162 ಪಂದ್ಯ, ನೋಡುವವರು ಅದೇ ಜನ. ಪಲ್ಲವಿ ಸ್ಟ್ರೈಕ್‌ಔಟ್‌ಗೊಮ್ಮೆ ಬಂದರೆ ಜೂನ್ ಹೊತ್ತಿಗೆ ಸವೆದಿರುತ್ತದೆ.

‘ಕೈಪ್’ ಎಂಬ ಡುವೇನ್ ಕೈಪರ್ ಅವರ ಬಂಡವಾಳ ಬೇರೆ. ಆಟಗಾರನಾಗಿ 3,379 ಅಟ್-ಬ್ಯಾಟ್‌ಗಳಲ್ಲಿ ಹೊಡೆದದ್ದು ಒಂದೇ ಹೋಮ್ ರನ್, 1977ರ ಆಗಸ್ಟ್ 29ರಂದು. ಅಂಥವರು ಇನ್ನೊಬ್ಬರ ಭಾರಿ ಹೊಡೆತವನ್ನು ಗಂಟಲು ಬಿಚ್ಚಿ ಸಾರುವುದರಲ್ಲೇ ಒಂದು ತಮಾಷೆಯಿದೆ, ಬಾಯಿಬಿಟ್ಟು ಹೇಳಬೇಕಿಲ್ಲ. ಆ ಒಂದು ಹೋಮ್ ರನ್ ಕೊಟ್ಟ ಪಿಚರ್ ಸ್ಟೀವ್ ಸ್ಟೋನ್ 1980ರಲ್ಲಿ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದು, ಆಮೇಲೆ ತಾವೂ ಕಾಮೆಂಟೇಟರ್ ಆದರು!

ಸ್ಟೋನ್ ಪಕ್ಕದ ಕುರ್ಚಿಗಳು

ಸ್ಟೋನ್ 1983ರಿಂದ ಶಿಕಾಗೊ ಕಬ್ಸ್ ಬೂತ್‌ನಲ್ಲಿ ಹ್ಯಾರಿ ಕೇರಿ ಪಕ್ಕ ಕೂತರು. ಕೇರಿಯವರದು ಜಾತ್ರೆ: ಆಟಗಾರರ ಹೆಸರನ್ನು ಹಿಂದುಮುಂದಾಗಿ ಓದುವುದು, ಏಳನೇ ಇನ್ನಿಂಗ್ಸ್‌ನಲ್ಲಿ ಬೂತ್‌ನಿಂದ ಹೊರಗೆ ಬಾಗಿ ಹಾಡುವುದು. ಕಬ್ಸ್ ಆಡುವ ರಿಗ್ಲಿ ಮೈದಾನದಲ್ಲಿ 1988ರ ಆಗಸ್ಟ್‌ವರೆಗೆ ರಾತ್ರಿ ಪಂದ್ಯವೇ ಇರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಆ ಗದ್ದಲ ಹೊಂದುತ್ತಿತ್ತು. ಇಂದು ಪೂರ್ತಿ ಒಂದು ಪಂದ್ಯ ಕೂತು ನೋಡಿದರೆ ಎರಡನೇ ಗಂಟೆಗೆ ತಲೆ ಭಾರ. ಲೆಕ್ಕ ಹಿಡಿದು ಆಟ ವಿವರಿಸುವ ಸ್ಟೋನ್ ಇಲ್ಲದಿದ್ದರೆ ಆ ಬೂತ್ ಉಳಿಯುತ್ತಲೇ ಇರಲಿಲ್ಲ.

ಮುಂದೆ ಶಿಕಾಗೊದ ಇನ್ನೊಂದು ತಂಡ ವೈಟ್ ಸಾಕ್ಸ್‌ನಲ್ಲಿ ಸ್ಟೋನ್‌ಗೆ ಜೊತೆಯಾದವರು ಜೇಸನ್ ಬೆನೆಟ್ಟಿ, 2024ರಿಂದ ಡೆಟ್ರಾಯಿಟ್ ಟೈಗರ್ಸ್‌ನಲ್ಲಿದ್ದಾರೆ. ಬುದ್ಧಿವಂತ, ವೇಗದ ಹಾಸ್ಯ; ಕೆಲವೊಮ್ಮೆ ಅತಿ ವೇಗ, ನಗಬೇಕೆನ್ನುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. 2019ರ ಆಗಸ್ಟ್ 16ರಂದು ಏಂಜಲ್ಸ್ ವಿರುದ್ಧದ ಪಂದ್ಯಕ್ಕೆ ಬಾಸ್ಕೆಟ್‌ಬಾಲ್‌ನ ಬಿಲ್ ವಾಲ್ಟನ್ ಅತಿಥಿಯಾಗಿ ಕೂತರು. ಆಟವನ್ನು ಬಿಟ್ಟು ಜಗತ್ತಿನ ಮಿಕ್ಕೆಲ್ಲ ಮಾತೂ ಬಂತು. ವರ್ಷಕ್ಕೊಮ್ಮೆಯಾದರೆ ಹಬ್ಬ, ವಾರಕ್ಕೊಮ್ಮೆಯಾದರೆ ಹಿಂಸೆ.

ರಾಷ್ಟ್ರೀಯ ಪ್ರಸಾರದ ಕಥೆ ಚಿಕ್ಕದು. ಎರಡೂ ತಂಡಗಳ ಅಭಿಮಾನಿಗಳು ಒಟ್ಟಿಗೆ ನೋಡುವುದರಿಂದ ಯಾವ ಚಟಾಕಿಯೂ ಪಕ್ಷಪಾತವಾಗಿ ಕೇಳಿಸುತ್ತದೆ. ಅಕ್ಟೋಬರ್‌ನ ನಾಕೌಟ್ ಪಂದ್ಯಗಳಲ್ಲಿ ಹಾಸ್ಯ ಉಪ್ಪಿನಕಾಯಿಯಷ್ಟು ಸಾಕು.

ಹಾಸ್ಯಕ್ಕೆ ಯಾರೂ ಬೇಡವೆನ್ನದ ಜಾಗ ಒಂದಿದೆ, ಪಿಚರ್ ಅಲ್ಲದವನು ಪಿಚ್ ಮಾಡಲು ಬಂದಾಗ. 2023ರ ನಿಯಮದಂತೆ ಹೆಚ್ಚುವರಿ ಇನ್ನಿಂಗ್ಸ್ ಬಿಟ್ಟರೆ, ತಂಡ 8 ರನ್ ಹಿಂದಿರಬೇಕು, ಇಲ್ಲವೇ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ 10 ರನ್ ಮುಂದಿರಬೇಕು. ಫಲಿತಾಂಶ ತೀರ್ಮಾನವಾಗಿದೆ ಎಂದು ನಿಯಮವೇ ಒಪ್ಪಿಕೊಂಡಂತೆ. ಬೂತ್‌ಗಳನ್ನು ಹೋಲಿಸಲು ಆ ಇನ್ನಿಂಗ್ಸ್‌ಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎಲ್ಲರೂ ನಗುತ್ತಾರೆ, ಆದರೆ ಎಸೆದವನ ವೇಗ ಎಷ್ಟು, ಅವನು ಗ್ರಿಪ್ ಹೇಗೆ ಹಿಡಿದಿದ್ದಾನೆ ಎಂದು ಹೇಳಿ ನಗಿಸುವವರು ಕೆಲವರೇ.

ಆಟಗಾರನಾಗಿದ್ದು ಕಾಮೆಂಟೇಟರ್ ಆದ ಬಾಬ್ ಯೂಕರ್ ಅವರನ್ನು ಈ ಪಟ್ಟಿಗೆ ಸೇರಿಸಿಲ್ಲ, ಮರೆತು ಅಲ್ಲ. 1971ರಿಂದ 2024ರವರೆಗೆ ಮಿಲ್ವಾಕಿಯ ಬ್ರೂವರ್ಸ್ ತಂಡಕ್ಕೆ ಅವರು ಕೊಟ್ಟದ್ದು ಮುಖ್ಯವಾಗಿ ರೇಡಿಯೊ ದನಿ. .200 ಸರಾಸರಿಯ ತಮ್ಮ ಕಳಪೆ ಬ್ಯಾಟಿಂಗ್ ಅನ್ನೇ ಆಡಿಕೊಂಡು ಕೇಳುಗನ ಕಣ್ಣಿಗೆ ಚಿತ್ರ ಕಟ್ಟುತ್ತಿದ್ದರು. ಟಿವಿಯಲ್ಲಿ ಚಿತ್ರ ಮೊದಲೇ ಇರುತ್ತದೆ, ಮಾತು ಅದರೊಂದಿಗೆ ಜಗಳವಾಡುತ್ತದೆ. ರೇಡಿಯೊ ಹಾಸ್ಯವನ್ನು ಟಿವಿ ಚಿತ್ರದ ಜೊತೆ ಕೇಳುವ ಆಸೆಯಿದ್ದರೆ ಎಂಎಲ್‌ಬಿ ಆ್ಯಪ್‌ನೊಳಗಿನ ರೇಡಿಯೊ ಆಡಿಯೊವನ್ನೇ ಆರಿಸಿ. ಪಕ್ಕದಲ್ಲಿ ನಿಜವಾದ ರೇಡಿಯೊ ಇಟ್ಟರೆ ಅದು ಸಾಮಾನ್ಯವಾಗಿ ಚಿತ್ರಕ್ಕಿಂತ ಮುಂದೆ ಓಡುತ್ತಿರುತ್ತದೆ, ಪಿಚರ್ ಇನ್ನೂ ಟೋಪಿ ಸರಿಮಾಡಿಕೊಳ್ಳುತ್ತಿರುವಾಗಲೇ ಹೋಮ್ ರನ್ ಕೂಗು ಕೇಳಿಸಿಬಿಡುತ್ತದೆ.