ಜಾಬ್ ಹಿಸ್ಟರಿ ಇದೆ ಅಂದರೆ ನಂಬಬೇಡಿ, ಒಂದು ತಿಂಗಳ ಹಿಂದಿನದನ್ನು ತೆಗೆಸಿ ನೋಡಿ

ಹೊರಗಿನವರ ಕೈಲಿ ಹಡೂಪ್ ಅಥವಾ ಸ್ಪಾರ್ಕ್ ಕ್ಲಸ್ಟರ್ (ದೊಡ್ಡ ಡೇಟಾದ ಕೆಲಸವನ್ನು ಹಲವು ಮೆಷಿನ್‌ಗಳಿಗೆ ಹಂಚಿ ಮಾಡಿಸುವ ವ್ಯವಸ್ಥೆ) ಹಾಕಿಸುತ್ತಿರುವ ಸಣ್ಣ ಸಂಸ್ಥೆಯವರು, ಸಂಘದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಈ ಸಲದ ಹೂಮಳೆಯಲ್ಲಿ (ಕಾಫಿ ಹೂ ಬಿಡಿಸುವ ಮಳೆ) ನಮಗೆ ಆದದ್ದು ನಿಮಗೆ ಆಗುವುದು ಬೇಡ. ಹಾಕಿಕೊಟ್ಟ ಕಂಪನಿಯ ಹೆಸರು ಬರೆಯಲ್ಲ. ಜಾಬ್ ಹಿಸ್ಟರಿಗೆ (ಕ್ಲಸ್ಟರ್‌ನಲ್ಲಿ ಓಡಿದ ಪ್ರತಿ ಕೆಲಸದ ದಾಖಲೆ) ಸಂಬಂಧಿಸಿ ಅವರು ಮುಟ್ಟದೆ ಬಿಟ್ಟುಹೋದ ಸೆಟ್ಟಿಂಗ್‌ಗಳ ಬಗ್ಗೆಯೇ ಹೇಳಬೇಕಿರುವುದು. ಕೇಳದಿದ್ದರೆ ಯಾರು ಹಾಕಿದರೂ ಅವು ಹಾಗೇ ಇರುತ್ತವೆ.

ದಕ್ಷಿಣ ಕೊಡಗಿನ ಕೆಲವು ಕಾಫಿ ತೋಟದ ಮಾಲೀಕರು ಸೇರಿ ಮಾಡಿಕೊಂಡ ಗುಂಪಿನಲ್ಲಿ ನನ್ನದು ಡೇಟಾ ಕೆಲಸ. ತೋಟಗಳ ಮಳೆ ಲೆಕ್ಕ, ಉಪಗ್ರಹದ ಚಿತ್ರ ಎಲ್ಲ ಸೇರಿಸಿ ರಾತ್ರಿ 2 ಗಂಟೆಗೆ ಜಾಬ್‌ಗಳು ಓಡುತ್ತವೆ. ಬೆಳಗ್ಗೆ ಮಾಲೀಕರ ಫೋನಿಗೆ ರಿಪೋರ್ಟ್ ಹೋಗುತ್ತದೆ. ಮೆಷಿನ್‌ಗಳು ಗೋಣಿಕೊಪ್ಪದ ಒಂದು ರೂಮಿನಲ್ಲಿವೆ. ಇಷ್ಟಕ್ಕೆ ಹಡೂಪ್ ಬೇಕಿತ್ತಾ ಅಂತ ಕೇಳಬೇಡಿ, ನಾನು ಸೇರುವಷ್ಟರಲ್ಲಿ ವ್ಯಾಪಾರ ಮುಗಿದಿತ್ತು.

ನಮ್ಮ ಕಡೆ ತೋಟಗಳಲ್ಲಿ ಮಳೆಯನ್ನು ಅಳೆಯುವುದು ಇಂಚು, ಸೆಂಟ್‌ನಲ್ಲಿ. ಒಂದು ಇಂಚಿಗೆ 100 ಸೆಂಟ್. ಹೊಸ ಆಟೋಮ್ಯಾಟಿಕ್ ಮಾಪಕಗಳು ಮಿಲಿಮೀಟರ್ ಕೊಡುತ್ತವೆ. ಯಾವ ತೋಟದ್ದು ಯಾವ ಅಳತೆ ಅನ್ನುವುದನ್ನು ಜಾಬ್‌ನ ಕಾನ್ಫಿಗರೇಶನ್‌ನಲ್ಲಿ, ಅಂದರೆ ಅದರ ಸೆಟ್ಟಿಂಗ್‌ಗಳಲ್ಲಿ, ಹೇಳಬೇಕು. ಇದು ಯಾವಾಗಲೋ ಬದಲಾಗಿದೆ. ಒಂದು ತೋಟದ ರೈಟರ್ (ತೋಟದ ಲೆಕ್ಕ ಬರೆಯುವವರು) 18 ಸೆಂಟ್ ಅಂತ ಹಾಕಿದ್ದನ್ನು ಜಾಬ್ 18 ಮಿಲಿಮೀಟರ್ ಅಂತ ಓದಿಕೊಂಡಿತು. ಅದನ್ನೇ ವಾಪಸ್ ಸೆಂಟ್‌ಗೆ ತಿರುಗಿಸಿ, ರಿಪೋರ್ಟ್‌ನಲ್ಲಿ 71 ಸೆಂಟ್ ಅಂತ ಕಳಿಸಿತು. ಬೆಂಗಳೂರಿನಲ್ಲಿರುವ ಮಾಲೀಕರು ಫೋನಿನಲ್ಲಿ ನೋಡಿ, ಮಳೆ ಚೆನ್ನಾಗಿ ಬಿದ್ದಿದೆ, ಸ್ಪ್ರಿಂಕ್ಲರ್ ಬೇಡ ಅಂದರು. ರೊಬಸ್ಟಾ ಮೊಗ್ಗಿಗೆ 18 ಸೆಂಟ್ ಎಲ್ಲಿ ಸಾಕಾಗುತ್ತದೆ? ಹೂ ಅರೆಬರೆ ಬಿಟ್ಟಿತು. ರೈಟರ್ ನನಗೆ ಫೋನ್ ಮಾಡಿ, "ಎಂತ ಮಾರಾಯ್ರೆ ಇದು, ನಾನು ಹಾಕಿದ್ದು 18. ಉಳಿದ 53 ಸೆಂಟ್ ನೀವು ಬೀಳಿಸಿದ್ರಾ?" ಅಂತ ಕೇಳಿದರು.

ಯಾವ ರಾತ್ರಿಯಿಂದ ಹೀಗಾಗಿದೆ, ಯಾವ ಯಾವ ತೋಟದ್ದು ಕೆಟ್ಟಿದೆ ಅಂತ ನೋಡಲು ಕೂತೆ. ಇದಕ್ಕೇ ಅಲ್ವಾ ಜಾಬ್ ಹಿಸ್ಟರಿ ಇರುವುದು? ಮ್ಯಾಪ್‌ರೆಡ್ಯೂಸ್ (ಹಡೂಪ್‌ನ ಲೆಕ್ಕ ಹಾಕುವ ವಿಧಾನ) ಜಾಬ್ ಮುಗಿದ ಮೇಲೆ ಎರಡು ಫೈಲ್ ಉಳಿಯುತ್ತವೆ. ಒಂದರಲ್ಲಿ ಏನೇನು ನಡೆಯಿತು ಅನ್ನುವ ವಿವರ, ಇನ್ನೊಂದರಲ್ಲಿ ಆ ಜಾಬ್ ಓಡಿದಾಗ ಇದ್ದ ಪೂರ್ತಿ ಕಾನ್ಫಿಗರೇಶನ್. ಎರಡನೆಯದು ಸಿಕ್ಕಿದ್ದರೆ ಅಳತೆ ಯಾವತ್ತು ಬದಲಾಯಿತು ಅಂತ ಆಗಲೇ ಗೊತ್ತಾಗುತ್ತಿತ್ತು.

ಸಿಕ್ಕಿದ್ದು ಒಂದು ವಾರದ್ದು ಮಾತ್ರ. ಹಿಸ್ಟರಿ ಸರ್ವರ್ ಎಷ್ಟು ಹಳೆಯದನ್ನು ಇಟ್ಟುಕೊಳ್ಳಬೇಕು ಅನ್ನುವ ಸೆಟ್ಟಿಂಗ್‌ನಲ್ಲಿ ಡಿಫಾಲ್ಟ್ ಆಗಿ ಇರುವುದು 604800000 ಮಿಲಿಸೆಕೆಂಡ್. ಅಂದರೆ ಸರಿಯಾಗಿ 7 ದಿನ. ದಿನಕ್ಕೊಮ್ಮೆ ಕ್ಲೀನರ್ ಬಂದು ಅದಕ್ಕಿಂತ ಹಳೆಯದನ್ನು ಅಳಿಸಿಬಿಡುತ್ತದೆ. ಒಪ್ಪಂದದಲ್ಲಿ "ಸಂಪೂರ್ಣ ಜಾಬ್ ಹಿಸ್ಟರಿ" ಅಂತ ಬರೆದಿದ್ದರು. ಕೇಳಿದರೆ "ಸರ್ವರ್ ಓಡ್ತಾ ಇದೆಯಲ್ಲ ಸರ್, 19888 ಪೋರ್ಟ್‌ನಲ್ಲಿ ನೋಡಿ" ಅಂದರು. ಪೇಜ್ ಓಪನ್ ಆಗುತ್ತದೆ, ನಿಜ. ಒಳಗೆ ಬೇಕಾದ ತಾರೀಖೇ ಇಲ್ಲ.

ಕಂಟೇನರ್ ಲಾಗ್‌ನದು (ಜಾಬ್‌ನ ಒಂದೊಂದು ತುಂಡು ಓಡುವಾಗ ಬರೆದಿಡುವ ವಿವರ) ಇನ್ನೂ ವಿಚಿತ್ರ. ಹಡೂಪ್‌ನಲ್ಲಿ ಮೆಷಿನ್‌ಗಳಿಗೆ ಕೆಲಸ ಹಂಚುವ ಭಾಗವಾದ ಯಾರ್ನ್‌ನಲ್ಲಿ ಲಾಗ್‌ಗಳನ್ನು ಒಂದು ಕಡೆ ಸೇರಿಸುವ ವ್ಯವಸ್ಥೆ ಡಿಫಾಲ್ಟ್ ಆಗಿ ಆಫ್ ಇರುತ್ತದೆ. ಆಫ್ ಇದ್ದರೆ ಲಾಗ್ ಆಯಾ ಮೆಷಿನ್‌ನಲ್ಲೇ ಉಳಿಯುತ್ತದೆ, ಅದೂ 10800 ಸೆಕೆಂಡ್, ಅಂದರೆ 3 ಗಂಟೆ. ನಮ್ಮ ಜಾಬ್ ರಾತ್ರಿ 2ಕ್ಕೆ. ಬೆಳಗ್ಗೆ 8ಕ್ಕೆ ಯಾರಾದರೂ ರಿಪೋರ್ಟ್ ತಪ್ಪಿದೆ ಅಂದರೆ ನೋಡಲು ಏನೂ ಉಳಿದಿರಲ್ಲ. ಆನ್ ಮಾಡಿಸುವಾಗಲೂ ಒಂದು ನೆನಪಿಡಿ: ಆಗ ಎಷ್ಟು ದಿನ ಇಡಬೇಕು ಅನ್ನುವುದರ ಡಿಫಾಲ್ಟ್ ಮೈನಸ್ 1. ಅಂದರೆ ಯಾವತ್ತೂ ಅಳಿಸಲ್ಲ, ಸಣ್ಣ ಸಣ್ಣ ಫೈಲ್‌ಗಳು ಗುಡ್ಡೆ ಬಿದ್ದು ನೇಮ್‌ನೋಡ್ (ಯಾವ ಫೈಲ್ ಎಲ್ಲಿದೆ ಅಂತ ನೆನಪಿಡುವ ಸರ್ವರ್) ಮೆಮೊರಿ ತಿನ್ನುತ್ತವೆ. ನಿಮಗೆ ಬೇಕಾದ ದಿನಗಳ ಲೆಕ್ಕ ನೀವೇ ಹಾಕಿಸಬೇಕು.

ಕೆಲವು ಜಾಬ್ ಸ್ಪಾರ್ಕ್‌ಗೆ ಬದಲಾಯಿಸಿದ್ದರು. ಅಲ್ಲಿ ಈವೆಂಟ್ ಲಾಗ್ (ಸ್ಪಾರ್ಕ್‌ನಲ್ಲಿ ಜಾಬ್‌ನ ಹಿಸ್ಟರಿ ಉಳಿಯುವ ಫೈಲ್) ಆನ್ ಮಾಡಿದ್ದರು, ಪುಣ್ಯ, ಅದೂ ಡಿಫಾಲ್ಟ್ ಆಗಿ ಆಫ್ ಇರುತ್ತದೆ. ಆದರೆ ಅದನ್ನು ಇಡುವ ಫೋಲ್ಡರ್ ಮಾತ್ರ ಡಿಫಾಲ್ಟ್ ಟಿಎಂಪಿಯೇ, ಅಂದರೆ ತಾತ್ಕಾಲಿಕ ಫೈಲ್‌ಗಳ ಜಾಗ. ನಮ್ಮ ಮೆಷಿನ್‌ಗಳು ರೀಸ್ಟಾರ್ಟ್ ಆದರೆ ಟಿಎಂಪಿ ಖಾಲಿ. ಗೋಣಿಕೊಪ್ಪದಲ್ಲಿ ಗಾಳಿಮಳೆ ಬಂದರೆ ಕರೆಂಟ್ ಗತಿ ಏನು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಸರಿ, ಉಳಿದಿದ್ದ ಆ ಒಂದು ವಾರದ್ದನ್ನಾದರೂ ಹುಡುಕೋಣ ಅಂದರೆ ಅದೂ ಸುಲಭ ಇರಲಿಲ್ಲ. ಹಿಸ್ಟರಿ ಫೈಲ್‌ನ ಹೆಸರಿನಲ್ಲೇ ಜಾಬ್ ನಂಬರ್, ಯೂಸರ್, ಜಾಬ್ ಹೆಸರು, ಶುರುವಾದ ಮತ್ತು ಮುಗಿದ ಸಮಯ, ಪಾಸಾ ಫೇಲಾ ಎಲ್ಲ ಇರುತ್ತದೆ. ತುಂಬ ಒಳ್ಳೆಯ ಏರ್ಪಾಡು. ಆದರೆ ಇವರು ಎಲ್ಲ ಜಾಬ್‌ಗೂ "ಡೈಲಿ ರನ್" ಅಂತ ಒಂದೇ ಹೆಸರು ಕೊಟ್ಟು, ಒಂದೇ ಯೂಸರ್‌ನಲ್ಲಿ ಓಡಿಸಿದ್ದರು. ಮನೆಯ ಮಕ್ಕಳಿಗೆಲ್ಲ ಒಂದೇ ಹೆಸರಿಟ್ಟು ಯಾರನ್ನು ಕರೆಯುತ್ತೀರಿ? ಸಮಯ ಇರುವುದು 1970ರಿಂದ ಎಣಿಸಿದ ಮಿಲಿಸೆಕೆಂಡ್‌ನಲ್ಲಿ. ಫೋಲ್ಡರ್‌ಗಳು ವರ್ಷ, ತಿಂಗಳು, ದಿನ ಅಂತ ಚೆನ್ನಾಗಿ ಜೋಡಿಸಿರುತ್ತವೆ, ಆದರೆ ಸರ್ವರ್ ಗಡಿಯಾರ ಯುಟಿಸಿಯಲ್ಲಿತ್ತು, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ರಾತ್ರಿ 2 ಗಂಟೆ ಅಲ್ಲಿ ಹಿಂದಿನ ದಿನದ 20:30. ಹಾಗಾಗಿ 12ನೇ ತಾರೀಖಿನ ಜಾಬ್ ಇರುವುದು 11ರ ಫೋಲ್ಡರ್‌ನಲ್ಲಿ. ಮಳೆಯ ದಿನ ಎಣಿಸುವುದೇ ಬೆಳಗ್ಗೆ 8:30ರಿಂದ ಮಾರನೇ ಬೆಳಗ್ಗೆ 8:30ರವರೆಗೆ. ಅದರ ಮೇಲೆ ಈ ಗೊಂದಲ ಬೇರೆ.

ಜಾಬ್ ನಂಬರ್ ನಂಬಿ ಕೂತವರಿಗೂ ಒಂದು ಮಾತು. ನಂಬರಿನ ಉದ್ದನೆಯ ಭಾಗ ರಿಸೋರ್ಸ್ ಮ್ಯಾನೇಜರ್ (ಯಾರ್ನ್‌ನ ಮುಖ್ಯ ಪ್ರೋಗ್ರಾಂ) ಶುರುವಾದ ಸಮಯ, ಕೊನೆಯದು ಸರತಿ. ಮ್ಯಾನೇಜರ್ ಹೊಸದಾಗಿ ಶುರುವಾದರೆ ಸರತಿ ಮತ್ತೆ 0001ರಿಂದ. ಕರೆಂಟ್ ಹೋಗಿ ಬಂದು ನಮ್ಮಲ್ಲಿ ಎಷ್ಟೋ 0007 ಆಗಿವೆ. ವಾಟ್ಸಾಪ್‌ನಲ್ಲಿ "0007 ಫೇಲ್ ಆಗಿದೆ" ಅಂತ ಸುಮ್ನೆ ಬರೆದಿಟ್ಟರೆ ಆಮೇಲೆ ಯಾವ 0007 ಅಂತ ಯಾರಿಗೂ ಗೊತ್ತಾಗಲ್ಲ. ಪೂರ್ತಿ ನಂಬರ್ ಬರೆಯಿರಿ.

ಅಳತೆ ಬದಲಾಯಿಸಿದ್ದು ಯಾರು? "ನಾವು ಏನೂ ಮುಟ್ಟಿಲ್ಲ" ಅನ್ನುತ್ತಾರೆ ಕಂಪನಿಯವರು. ಮುಟ್ಟಿದ್ದಾರೆ ಅಂತ ನನಗೆ ಗ್ಯಾರಂಟಿ, ಯಾಕೆಂದರೆ ಅಡ್ಮಿನ್ ಪಾಸ್‌ವರ್ಡ್ ಅವರ ಹತ್ತಿರ ಮಾತ್ರ ಇತ್ತು. ಸಾಕ್ಷಿ ಮಾತ್ರ ಕ್ಲೀನರ್ ಜೊತೆ ಹೋಯಿತು. ಇದರ ಮೇಲೆ "ಲಾಗ್ ಸರ್ಚ್ ಪ್ಯಾಕೇಜ್" ಅಂತ ಇನ್ನೊಂದು ಕೊಟೇಶನ್ ಕಳಿಸಿದರು! ಇಲ್ಲದ ಲಾಗ್‌ನಲ್ಲಿ ಏನು ಹುಡುಕುವುದು? ಹಿಸ್ಟರಿ ಸರ್ವರ್‌ನಲ್ಲೇ ಯೂಸರ್, ಸ್ಥಿತಿ, ಸಮಯ ಕೊಟ್ಟು ಹುಡುಕುವ ಎಪಿಐ (ಪ್ರೋಗ್ರಾಂನಿಂದ ಮಾಹಿತಿ ಕೇಳುವ ದಾರಿ) ಇದೆ, ಅದಕ್ಕೆ ದುಡ್ಡಿಲ್ಲ. ಆ ಕೊಟೇಶನ್ ವಾಪಸ್ ಕಳಿಸಿದೆವು. ತಪ್ಪಾದ ರಿಪೋರ್ಟ್‌ಗಳನ್ನು ರೈಟರ್‌ಗಳ ಮಳೆ ಪುಸ್ತಕ ತರಿಸಿ ಒಂದೊಂದೇ ತಾಳೆ ನೋಡಿ ಸರಿಮಾಡಬೇಕಾಯಿತು.

ಈಗ ರಾತ್ರಿಯ ಕೆಲಸ ಮುಗಿದ ಕೂಡಲೇ ವಿವರ ಮತ್ತು ಕಾನ್ಫಿಗರೇಶನ್ ಇರುವ ಆ ಎರಡು ಹಿಸ್ಟರಿ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡುವ ಸಣ್ಣ ಸ್ಕ್ರಿಪ್ಟ್ ಇದೆ. ಫೋಲ್ಡರ್ ನಮ್ಮ ಸಮಯದ ತಾರೀಖಿಗೆ. ಜೊತೆಗೆ ಒಂದು ಟೇಬಲ್: ಪೂರ್ತಿ ಜಾಬ್ ನಂಬರ್, ತೋಟ, ಮಳೆಯ ದಿನ, ಅಳತೆ, ಪಾಸು ಅಥವಾ ಫೇಲು. ಜಾಬ್ ಹೆಸರಿನಲ್ಲಿ ತೋಟದ ಕೋಡ್ ಮತ್ತು ತಾರೀಖು ಮೊದಲೇ ಬರುತ್ತದೆ, ಯಾಕೆಂದರೆ ಫೈಲ್ ಹೆಸರಿಗೆ ಸೇರಿಸುವಾಗ ಜಾಬ್ ಹೆಸರನ್ನು ಹಡೂಪ್ ಡಿಫಾಲ್ಟ್ ಆಗಿ 50 ಅಕ್ಷರಕ್ಕೆ ಕತ್ತರಿಸುತ್ತದೆ. ಕನ್ನಡದಲ್ಲಿ ಹೆಸರಿಡುವ ಆಸೆ ನನಗೂ ಇತ್ತು. ಫೈಲ್ ಹೆಸರಲ್ಲಿ ಅದು ಶೇಕಡಾ ಚಿಹ್ನೆಗಳ ಸಾಲಾಗಿ, ಒಂದು "ಕ"ಗೇ ಒಂಬತ್ತು ಅಕ್ಷರ ಹೋಗುತ್ತದೆ. ಕೈಬಿಟ್ಟೆ.

ನೀವು ಹಾಕಿಸುವುದಾದರೆ ಕೊನೆಯ ಕಂತನ್ನು ಒಂದು ತಿಂಗಳಾದರೂ ತಡೆಹಿಡಿಯಿರಿ. ಆಮೇಲೆ ಅವರನ್ನು ಕೂರಿಸಿ, ಮೊದಲ ವಾರದ ಯಾವುದಾದರೂ ಒಂದು ಜಾಬ್‌ನ ಕಾನ್ಫಿಗರೇಶನ್ ಮತ್ತು ಲಾಗ್ ನಿಮ್ಮ ಎದುರೇ ತೆಗೆಸಿ. ಮೆಷಿನ್‌ಗಳನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿಸಿ ಮತ್ತೆ ತೆಗೆಸಿ. ಎಷ್ಟು ದಿನ ಇಡಬೇಕು ಅನ್ನುವುದನ್ನು ಒಪ್ಪಂದದಲ್ಲಿ ದಿನಗಳ ಲೆಕ್ಕದಲ್ಲೇ ಬರೆಸಿ, "ಸಂಪೂರ್ಣ" ಅನ್ನುವ ಪದ ಒಪ್ಪಬೇಡಿ. ಅಡ್ಮಿನ್ ಪಾಸ್‌ವರ್ಡ್ ಮೊದಲ ದಿನವೇ ನಿಮ್ಮ ಕೈಗೆ ಬರಲಿ. ಇಲ್ಲದಿದ್ದರೆ ನಮ್ಮ ಹಾಗೆ ದುಡ್ಡೆಲ್ಲ ಕೊಟ್ಟು ಮುಗಿಸಿ, ಆಮೇಲೆ ಮೇಲ್ ಮೇಲೆ ಮೇಲ್ ಬರೆಯುತ್ತಾ ಕೂರಬೇಕಾಗುತ್ತದೆ.